ಗಾಲಿಗಳ ಮೇಲಣ ಮನೆ, ಇರುಳಿನ ನೆಲೆ

ಪ್ರವಾಸ ಹೊರಟವರನ್ನು ಹಗಲು ಅಷ್ಟಾಗಿ ಕಾಡುವುದಿಲ್ಲ, ಕಾಡುವುದು ಇರುಳು. ಹಗಲಿನಲ್ಲಿ ನೋಡಬೇಕಾದ ಗಿರಿ, ಸರೋವರ, ಜಲಪಾತಗಳ ಪಟ್ಟಿಯನ್ನು ಮನೆಯಲ್ಲಿ ಕುಳಿತೇ ಸಿದ್ಧಪಡಿಸಿಕೊಳ್ಳಬಹುದು. ಆದರೆ ಹೊತ್ತು ಮುಳುಗಿದ ಮೇಲೆ ತಲೆಯಿಡುವುದೆಲ್ಲಿ ಎಂಬ ಪ್ರಶ್ನೆ ಪ್ರತಿ ಸಂಜೆಯೂ ಹೊಸದಾಗಿ ಎದುರು ನಿಲ್ಲುತ್ತದೆ. ನಮ್ಮ ಹಿರಿಯರು ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೊರಡುತ್ತಿದ್ದಾಗ ಊರೂರಿನ ಮಠಗಳೂ, ದಾಸೋಹದ ಮನೆಗಳೂ, ದಾರಿಬದಿಯ ಮರಗಳೂ ಆ ಪ್ರಶ್ನೆಗೆ ಉತ್ತರವಾಗಿದ್ದವು. 2025ರ ಫೆಬ್ರವರಿ-ಮಾರ್ಚ್ ತಿಂಗಳುಗಳಲ್ಲಿ ನಾವು ದಂಪತಿಗಳು ನ್ಯೂಜಿಲೆಂಡಿನ ದಕ್ಷಿಣ ದ್ವೀಪವನ್ನು ಹದಿನೆಂಟು ದಿನಗಳ ಕಾಲ ಮೋಟರ್‌ಹೋಮ್‌ನಲ್ಲಿ ಸುತ್ತಿದೆವು. ಅದೇ ಪ್ರಶ್ನೆಗೆ ಆ ದೇಶ ಕೊಟ್ಟ ಉತ್ತರ ಬೇರೆ ಬಗೆಯದು. ಗಿರಿ ಸರೋವರಗಳ ವರ್ಣನೆ ಅನೇಕ ಪುಸ್ತಕಗಳಲ್ಲಿ ದೊರೆಯುವುದರಿಂದ, ಇಲ್ಲಿ ಇರುಳುಗಳ ವಿಷಯವನ್ನೇ ಹೆಚ್ಚಾಗಿ ಹೇಳುತ್ತೇವೆ.

ಮೋಟರ್‌ಹೋಮ್ ಎಂದರೆ ಗಾಲಿಗಳ ಮೇಲೆ ಕೂಡಿಸಿದ ಪುಟ್ಟ ಮನೆ. ನಮ್ಮೂರಿನ ಸಣ್ಣ ಬಸ್ಸಿನಷ್ಟು ಗಾತ್ರ. ಮುಂದೆ ಚಾಲಕನ ಆಸನ. ಹಿಂದೆ ಇಬ್ಬರು ಮಲಗುವ ಹಾಸಿಗೆ, ಗ್ಯಾಸಿನ ಒಲೆ, ಪುಟ್ಟ ಫ್ರಿಜ್, ಕೈತೊಳೆಯುವ ತೊಟ್ಟಿ, ಒಬ್ಬರು ಒಳಹೊಕ್ಕರೆ ತಿರುಗಲು ಕಷ್ಟವೆನಿಸುವ ಶೌಚದ ಕೋಣೆ. ಆ ದೇಶದಲ್ಲಿ ವಾಹನಗಳು ನಮ್ಮಲ್ಲಿಯಂತೆಯೇ ರಸ್ತೆಯ ಎಡಬದಿಯಲ್ಲಿ ಚಲಿಸುತ್ತವೆ. ಇಂಗ್ಲಿಷಿನಲ್ಲಿರುವ ನಮ್ಮ ಚಾಲನಾ ಪರವಾನಗಿಯನ್ನೇ ಅಲ್ಲಿ ಮನ್ನಿಸುತ್ತಾರೆ. ಆದ್ದರಿಂದ ವಾಹನ ನಡೆಸುವುದು ನಾವು ಅಂಜಿದಷ್ಟು ಕಠಿಣವಾಗಲಿಲ್ಲ. ಕಠಿಣವೆಂದರೆ ಒಂದೇ ವಾಹನ ಹೋಗಬಹುದಾದ ಸೇತುವೆಗಳು. ಯಾವ ಕಡೆಯವರು ಮೊದಲು ದಾಟಬೇಕೆಂಬುದನ್ನು ಬಾಣದ ಗುರುತಿನ ಫಲಕ ಹೇಳುತ್ತದೆ. ಎದುರಿನಿಂದ ಬರುವ ಭಾರಿ ಲಾರಿಯೂ ಆ ಬಾಣದ ಮಾತನ್ನು ಮೀರುವುದಿಲ್ಲ. ಹಾಸ್ಟ್ ನದಿಯ ಮೇಲಿನ ಅಂಥ ಸೇತುವೆ 737 ಮೀಟರ್ ಉದ್ದವಿದೆ. ಹಾರನ್ನಿನ ಸದ್ದೇ ಇಲ್ಲದೆ ಅದನ್ನು ದಾಟಿ ಬಂದಾಗ ನಮಗೆ ಒಂದು ಬಗೆಯ ಸಂಕೋಚವೂ ಆಯಿತೆಂದರೆ ಓದುಗರಿಗೆ ಅರ್ಥವಾದೀತು.

ನ್ಯೂಜಿಲೆಂಡನ್ನು ಪ್ರವೇಶಿಸುವಾಗ ಒಂದು ಎಚ್ಚರ ಅವಶ್ಯ. ಆಹಾರ ಪದಾರ್ಥ, ಸಸ್ಯ, ಪ್ರಾಣಿಜನ್ಯ ವಸ್ತು ಯಾವುದಿದ್ದರೂ ಮೊದಲೇ ಘೋಷಿಸಬೇಕು. ಮುಚ್ಚಿಟ್ಟುದು ಸಿಕ್ಕರೆ 400 ಡಾಲರ್ ದಂಡವನ್ನು ಅಲ್ಲಿಯೇ ತೆರಬೇಕಾಗುತ್ತದೆ. ಹೊರಗಿನ ಕೀಟ, ಬೀಜ, ರೋಗಗಳು ಆ ದ್ವೀಪಗಳಿಗೆ ಮಾಡಿರುವ ಹಾನಿ ಅಲ್ಪವಲ್ಲ. ನಾವು ಬಿಲ್ವಪತ್ರೆಯನ್ನು ಮನೆಯಲ್ಲಿಯೇ ಬಿಟ್ಟೆವು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ವಿಭೂತಿ ಗಟ್ಟಿಗಳನ್ನು ಕ್ರೈಸ್ಟ್‌ಚರ್ಚ್ ವಿಮಾನ ನಿಲ್ದಾಣದ ಮೇಜಿನ ಮೇಲೆ ತೆರೆದಿಟ್ಟೆವು. ಅಧಿಕಾರಿಣಿ ವಿಭೂತಿಯನ್ನು ತಿರುಗಿಸಿ ನೋಡಿ, ಇದು ಏನು, ಹೇಗೆ ತಯಾರಾಗುತ್ತದೆ ಎಂದು ವಿಚಾರಿಸಿದರು. ಗೋಮಯವನ್ನು ಸುಟ್ಟು, ಸೋಸಿ ಮಾಡಿದ ಭಸ್ಮವೆಂದು ತಿಳಿಸಿದೆವು. ಒಳಗೆ ಹೋಗಿ ಮತ್ತೊಬ್ಬರೊಡನೆ ಸಮಾಲೋಚಿಸಿ ಬಂದು, ಎಲ್ಲವನ್ನೂ ನಗುಮುಖದಿಂದ ಹಿಂದಿರುಗಿಸಿದರು.

ಇನ್ನು ತಂಗುವ ಠಾವುಗಳ ವಿಷಯ. ಪಟ್ಟಣಗಳಲ್ಲಿ ಹಾಲಿಡೇ ಪಾರ್ಕುಗಳಿವೆ. ಹಣ ತೆತ್ತರೆ ವಿದ್ಯುತ್ತು, ಬಿಸಿನೀರು, ಸಾಮೂಹಿಕ ಅಡುಗೆಮನೆ, ಬಟ್ಟೆ ಒಗೆಯುವ ಯಂತ್ರ ಎಲ್ಲವೂ ದೊರೆಯುತ್ತವೆ. ಅನುಕೂಲ ಹೆಚ್ಚು, ಹೇಳಬೇಕಾದುದು ಕಡಿಮೆ. 1987ರಲ್ಲಿ ಸ್ಥಾಪಿತವಾದ ಅಲ್ಲಿನ ಸಂರಕ್ಷಣಾ ಇಲಾಖೆ ಕಾಡು, ಕಣಿವೆ, ಸರೋವರಗಳ ಅಂಚಿನಲ್ಲಿ ಎರಡು ನೂರಕ್ಕೂ ಹೆಚ್ಚು ಶಿಬಿರತಾಣಗಳನ್ನು ನಡೆಸುತ್ತದೆ. ಅವುಗಳಲ್ಲಿ ಕೆಲವೆಡೆ ಒಂದು ನಲ್ಲಿ, ಒಂದು ಶೌಚಗೃಹ, ಇಷ್ಟೇ. ಕಾವಲುಗಾರನಿಲ್ಲ. ಪೆಟ್ಟಿಗೆಯಲ್ಲಿರುವ ಲಕೋಟೆಯನ್ನು ತೆಗೆದುಕೊಂಡು, ಹೆಸರು, ವಾಹನದ ಸಂಖ್ಯೆ, ಇರುಳುಗಳ ಲೆಕ್ಕ ಬರೆದು, ಹಣವಿಟ್ಟು ಅದೇ ಪೆಟ್ಟಿಗೆಯ ಸೀಳಿನಲ್ಲಿ ಹಾಕಿಬಿಡುವುದು. ಬೆಳಿಗ್ಗೆ ಯಾರಾದರೂ ಬಂದು ನೋಡಿದರೂ ನೋಡಬಹುದು, ನೋಡದೆಯೂ ಇರಬಹುದು.

ಇವೆರಡಲ್ಲದೆ ಫ್ರೀಡಂ ಕ್ಯಾಂಪಿಂಗ್ ಎಂಬ ಮೂರನೆಯ ಬಗೆಯೊಂದಿದೆ. ಸಾರ್ವಜನಿಕ ನೆಲದಲ್ಲಿ, ನಿಷೇಧವಿಲ್ಲದ ಕಡೆ, ಹಣ ತೆರದೆ ಇರುಳು ಕಳೆಯುವ ಸ್ವಾತಂತ್ರ್ಯ ಅದು. ಇದಕ್ಕೆ 2011ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಿದರು. ರಗ್ಬಿ ವಿಶ್ವಕಪ್ಪಿಗೆಂದು ಜನಸಾಗರ ಬರಲಿದ್ದ ವರ್ಷ ಅದು. ಮುಂದೆ ಪ್ರವಾಸಿಗಳು ಹೆಚ್ಚಿದಂತೆ ದೂರುಗಳೂ ಹೆಚ್ಚಿದವು. ಶೌಚದ ವ್ಯವಸ್ಥೆಯಿಲ್ಲದ ವ್ಯಾನುಗಳಲ್ಲಿ ಬಂದವರು ಪೊದೆಗಳ ಹಿಂದೆಯೂ, ಹೊಳೆಯ ದಂಡೆಯಲ್ಲಿಯೂ ಬಿಟ್ಟುಹೋಗುತ್ತಿದ್ದುದೇನು ಎಂಬುದನ್ನು ವಿವರಿಸಬೇಕಾಗಿಲ್ಲ. ಹೊಲಸನ್ನು ನೀರಿಗೆ ಬಿಡುವುದು ಆ ನೆಲದ ಮೂಲನಿವಾಸಿಗಳಾದ ಮಾವೊರಿ ಜನರ ದೃಷ್ಟಿಯಲ್ಲಿ ಕೇವಲ ಕೊಳಕುತನವಲ್ಲ. ಮೌರಿ ಎಂದು ಅವರು ಕರೆಯುವ, ನೀರಿನ ಜೀವಶಕ್ತಿಗೇ ಮಾಡಿದ ಅಪಚಾರ. ಕೊನೆಗೆ 2023ರಲ್ಲಿ ಕಾನೂನು ಬಿಗಿಯಾಯಿತು. ಹಾಸಿಗೆಯ ಕೆಳಗೆ ಮಡಚಿಟ್ಟ ಶೌಚಪಾತ್ರೆ ಸಾಲದು, ವಾಹನದಲ್ಲಿ ಸ್ಥಿರವಾಗಿ ಕೂಡಿಸಿದ ಶೌಚವೇ ಇರಬೇಕು. ಇರುವಷ್ಟು ಜನರಿಗೆ ಮೂರು ದಿನ ಸಾಲುವ ಶುದ್ಧ ನೀರಿರಬೇಕು. ಬಳಸಿದ ನೀರೂ ಮಲಮೂತ್ರವೂ ವಾಹನದೊಳಗಿನ ತೊಟ್ಟಿಗಳಲ್ಲಿಯೇ ಉಳಿಯಬೇಕು. ಪರೀಕ್ಷೆಯಲ್ಲಿ ತೇರ್ಗಡೆಯಾದ ವಾಹನಕ್ಕೆ ಹಸಿರು ಚೀಟಿ ಕೊಡುತ್ತಾರೆ. ಹಸಿರು ಚೀಟಿಯಿಲ್ಲದ ವಾಹನ ಇಂಥ ಬಹುತೇಕ ತಾಣಗಳಲ್ಲಿ ನಿಲ್ಲುವಂತಿಲ್ಲ. ನಿಂತರೆ ದಂಡ ನೂರಾರು ಡಾಲರುಗಳ ಲೆಕ್ಕದಲ್ಲಿ.

ಒಟ್ಟಿನಲ್ಲಿ ಆ ದೇಶ ಅತಿಥಿಗೆ ಹೇಳುವುದಿಷ್ಟು: ನಿನ್ನ ಹೊಲಸನ್ನು ನೀನೇ ಹೊತ್ತು ನಡೆಯುವುದಾದರೆ, ಸರೋವರದ ದಂಡೆಯಲ್ಲಿ ಮಲಗು, ಇಲ್ಲವಾದರೆ ಮುಂದೆ ಸಾಗು. ಕೇಳುವುದಕ್ಕೆ ಇದು ಸುಲಭ. ಆಚರಣೆಯಲ್ಲಿ ಅದು ನಮ್ಮಿಂದ ಏನನ್ನು ಬೇಡಿತೆಂಬುದನ್ನು ಮುಂದೆ ಹೇಳುತ್ತೇವೆ.

ನಮ್ಮ ದಿನಚರಿ ನೀರಿನ ಲೆಕ್ಕದಿಂದಲೇ ಆರಂಭವಾಗುತ್ತಿತ್ತು. ಪಾತ್ರೆ ತೊಳೆದ ನೀರು, ಮುಖ ತೊಳೆದ ನೀರು, ಹಲ್ಲುಜ್ಜಿದ ನೀರು ಸಹ ನೆಲಕ್ಕೆ ಚೆಲ್ಲುವಂತಿಲ್ಲ. ಎಲ್ಲವೂ ವಾಹನದ ಹೊಟ್ಟೆಯೊಳಗಿನ ತೊಟ್ಟಿಗೆ ಸೇರಬೇಕು. ಒಂದು ತೊಟ್ಟಿ ಬರಿದಾದಂತೆ ಇನ್ನೊಂದು ತುಂಬುತ್ತಿರುವುದನ್ನು ಗೋಡೆಯ ಮೇಲಿನ ಪುಟ್ಟ ದೀಪಗಳು ತೋರಿಸುತ್ತವೆ. ಮನೆಯಲ್ಲಿ ನಲ್ಲಿಯನ್ನು ತಿರುಗಿಸಿದಾಗ ಈ ಲೆಕ್ಕ ಕಾಣಿಸುವುದಿಲ್ಲ. ನಸುಕಿನಲ್ಲಿ ಹಾಸಿಗೆ ಮಡಚಿ, ಆ ಹಲಗೆಯ ಮೇಲೆಯೇ ಒಬ್ಬರಾದ ಮೇಲೊಬ್ಬರು ಕುಳಿತು ಇಷ್ಟಲಿಂಗ ಪೂಜೆ ಮಾಡಿಕೊಳ್ಳುತ್ತಿದ್ದೆವು. ರಾಷ್ಟ್ರೀಯ ಉದ್ಯಾನಗಳಲ್ಲಿ ಹೂ ಕೀಳುವಂತಿಲ್ಲವಾದ್ದರಿಂದ ವಿಭೂತಿ ಮತ್ತು ಒಂದು ಬಟ್ಟಲು ನೀರಿನಲ್ಲಿಯೇ ಪೂಜೆ. ಆ ನೀರು ಪಾದೋದಕವಾಗಿ ನಮ್ಮೊಳಗೇ ಸೇರುತ್ತಿತ್ತು. ಇಡೀ ದಿನದಲ್ಲಿ ತೊಟ್ಟಿಯ ಪಾಲಾಗದ ನೀರೆಂದರೆ ಕುಡಿಯುವ ನೀರು ಮತ್ತು ಅದು.

ಪ್ರವಾಸದ ನಾಲ್ಕನೆಯ ದಿನ, ಫೆಬ್ರವರಿ 26ರಂದು, ಮಹಾಶಿವರಾತ್ರಿ. ಆ ಇರುಳನ್ನು ಆವೊರಾಕಿ ಪರ್ವತದ ಬುಡದಲ್ಲಿ ಕಳೆಯಬೇಕೆಂದು ಊರಲ್ಲಿಯೇ ನಿಶ್ಚಯಿಸಿ, ಸಂರಕ್ಷಣಾ ಇಲಾಖೆಯ ವೈಟ್ ಹಾರ್ಸ್ ಹಿಲ್ ತಾಣವನ್ನು ಗೊತ್ತುಮಾಡಿಕೊಂಡಿದ್ದೆವು. ಹಾಲು ಬೆರೆಸಿದ ನೀಲಿಯಂತೆ ಕಾಣುವ ಪುಕಾಕಿ ಸರೋವರದ ದಂಡೆಗುಂಟ ಸಾಗಿದ ರಸ್ತೆ ಅಲ್ಲಿಗೆ ಮುಟ್ಟಿಸುತ್ತದೆ. ಹಿಮನದಿಗಳು ಬಂಡೆಗಳನ್ನು ಅರೆದು ಮಾಡಿದ ಹಿಟ್ಟು ನೀರಿನಲ್ಲಿ ತೇಲುವುದರಿಂದ ಆ ಬಣ್ಣ. ಪರ್ವತದ ಎತ್ತರ 3,724 ಮೀಟರ್. ನೈ ತಾಹು ಎಂಬ ಮಾವೊರಿ ಬುಡಕಟ್ಟಿನವರಿಗೆ ಆವೊರಾಕಿ ಬರಿಯ ಕಲ್ಲಲ್ಲ, ಆಕಾಶಪಿತನ ಮಗ, ತಮ್ಮ ಮೂಲಪುರುಷ. ಹತ್ತುವವರು ತುತ್ತತುದಿಯ ಮೇಲೆ ಕಾಲಿಡದೆ ಹಿಂದಿರುಗಬೇಕೆಂಬುದು ಅವರ ಕೋರಿಕೆ. 1998ರಲ್ಲಿ ಆ ಬುಡಕಟ್ಟಿನೊಡನೆ ಸರ್ಕಾರ ಮಾಡಿಕೊಂಡ ಇತ್ಯರ್ಥದಲ್ಲಿ ಪರ್ವತದ ಹಳೆಯ ಹೆಸರು ಕುಕ್ ಎಂಬ ಆಂಗ್ಲ ಹೆಸರಿನ ಮುಂದೆ ಬಂದು ನಿಂತಿತು.

ಆ ಇರುಳು ಚಂದ್ರನಿರಲಿಲ್ಲ. ಆ ಪ್ರದೇಶವನ್ನು 2012ರಲ್ಲಿ ಅಂತಾರಾಷ್ಟ್ರೀಯ ಕತ್ತಲಾಕಾಶದ ಮೀಸಲು ತಾಣವೆಂದು ಘೋಷಿಸಿದ್ದಾರೆ. ಬೀದಿದೀಪಗಳ ಬೆಳಕೂ ಮೇಲಕ್ಕೆ ಚೆಲ್ಲದಂತೆ ನಿಯಮಗಳಿವೆ. ಉಪವಾಸದಿಂದ ಹಗುರವಾದ ದೇಹ, ಎರಡು ಕಂಬಳಿಗಳನ್ನು ಹೊದ್ದರೂ ಕೊರೆಯುವ ಚಳಿ. ವಾಹನದ ಮೆಟ್ಟಿಲ ಮೇಲೆ ಕುಳಿತು ಜಾಗರಣೆ. ಧಾರವಾಡದ ಆಕಾಶದಲ್ಲಿ ದಕ್ಷಿಣ ದಿಗಂತದ ಸಮೀಪವೇ ಹಾದುಹೋಗುವ ಅಗಸ್ತ್ಯ ನಕ್ಷತ್ರ ಅಲ್ಲಿ ನಡುನೆತ್ತಿಗೆ ಹತ್ತಿರವಿತ್ತು. ಮಹಾವ್ಯಾಧ ತಲೆಕೆಳಗಾಗಿ ನಿಂತಿದ್ದ. ನಮ್ಮಲ್ಲಿ ಅವನ ಭುಜವಾಗಿ ಮೇಲಿರುವ, ರುದ್ರನೇ ಅಧಿದೇವತೆಯಾದ ಆರ್ದ್ರಾ ನಕ್ಷತ್ರ ಅಲ್ಲಿ ಕೆಳಗೆ ಇಳಿದು ಬಂದಿತ್ತು. ಭಜನೆಯಿಲ್ಲ, ಗಂಟೆಯಿಲ್ಲ. ದೂರದಲ್ಲೆಲ್ಲೋ ಹಿಮ ಕುಸಿಯುವ ಗುಡುಗಿನಂಥ ಸದ್ದು ಎರಡು ಬಾರಿ ಕೇಳಿತು. ನಾವು ಇಬ್ಬರೂ ಬಹಳ ಹೊತ್ತು ಮಾತನಾಡಲಿಲ್ಲ.

ಮರುದಿನ ಪಾರಣೆಯ ನಂತರ ಟ್ವಿಜೆಲ್ ಎಂಬ ಊರಿಗೆ ಬಂದೆವು. ಜಲವಿದ್ಯುತ್ ಯೋಜನೆಯ ಕೆಲಸಗಾರರಿಗೆಂದು 1968ರಲ್ಲಿ ಕಟ್ಟಿದ ಊರು ಅದು. ಹೊಲಸು ನೀರನ್ನು ಖಾಲಿಮಾಡುವ ಡಂಪ್ ಸ್ಟೇಷನ್ ಅಲ್ಲಿದೆ. ಕೊಳವೆಯನ್ನು ಜೋಡಿಸಿ ಬಳಸಿದ ನೀರನ್ನು ಹರಿಬಿಡುವುದು ಸುಲಭ. ಆಮೇಲೆ ವಾಹನದ ಪಕ್ಕದ ಪುಟ್ಟ ಬಾಗಿಲನ್ನು ತೆರೆದು, ಮಲದ ಪೆಟ್ಟಿಗೆಯನ್ನು ಹಿಡಿಕೆಯಿಂದ ಹೊರಗೆಳೆದು, ಕೈಯಲ್ಲಿ ಹೊತ್ತು, ಬಾಯಿ ತಿರುಗಿಸಿ ಗುಂಡಿಗೆ ಸುರಿದು, ನೀರು ಹಾಕಿ ಕುಲುಕಿ ತೊಳೆಯಬೇಕು. ಕ್ಯಾಸೆಟ್ ಎಂದು ಅದನ್ನು ಕರೆಯುತ್ತಾರೆ. ತುಂಬಿದಾಗ ನೀರಿನ ದೊಡ್ಡ ಕ್ಯಾನಿನಷ್ಟೇ ಭಾರ.

ಆ ಹಿಡಿಕೆಗೆ ಕೈ ಹಾಕುವ ಮುನ್ನ ನಾವು ಇಬ್ಬರೂ ಒಂದು ಕ್ಷಣ ನಿಂತೆವು. ಇಬ್ಬರ ಮನಸ್ಸಿನಲ್ಲಿಯೂ ಒಂದೇ ಚಿತ್ರ ಬಂದಿತ್ತೆಂಬುದು ಆ ಮೇಲೆ ಮಾತನಾಡಿಕೊಂಡಾಗ ತಿಳಿಯಿತು. ನಾವು ಬೆಳೆದ ಊರುಗಳು ಬೇರೆ ಬೇರೆ. 1960ರ ದಶಕದ ಹಿತ್ತಿಲುಗಳು ಮಾತ್ರ ಒಂದೇ. ಹಿತ್ತಿಲಿನ ಕೊನೆಯಲ್ಲಿ ಪಾಯಖಾನೆ, ಅದರ ಬೆನ್ನಿಗೆ ಇಕ್ಕಟ್ಟಾದ ಓಣಿ, ಆ ಓಣಿಯಿಂದ ಮುಂಜಾನೆ ಬುಟ್ಟಿ ಹಿಡಿದು ಬರುವ ಒಬ್ಬ ಹೆಣ್ಣುಮಗಳು. ಮುಂಬಾಗಿಲಿಗೆ ಆಕೆ ಎಂದೂ ಬಂದವಳಲ್ಲ. ಹಬ್ಬದ ದಿನ ಹೋಳಿಗೆಯನ್ನು ಗೋಡೆಯ ಮೇಲೆ ಇಡುತ್ತಿದ್ದರು. ಆಕೆಯ ಹೆಸರು ಎರಡೂ ಮನೆಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಕೇಂದ್ರದ ಕಾನೂನು 1993ರಲ್ಲಿ ಬಂದಿತು, 2013ರಲ್ಲಿ ಇನ್ನಷ್ಟು ಕಠಿಣವಾದುದೊಂದು ಬಂದಿತು. ಆದರೂ ಚರಂಡಿಯ ಗುಂಡಿಗಿಳಿದವರು ಉಸಿರುಗಟ್ಟಿ ಸತ್ತ ಸುದ್ದಿ ಪತ್ರಿಕೆಗಳಲ್ಲಿ ಇನ್ನೂ ನಿಂತಿಲ್ಲ.

ಅಂಗಳದ ಕಸ ಗುಡಿಸುವುದನ್ನೇ ಕಾಯಕವಾಗಿ ಉಳ್ಳ ಸತ್ಯಕ್ಕನನ್ನು ಶರಣೆಯೆಂದು ಕೈಮುಗಿಯುವ ಸಮಾಜ ನಮ್ಮದು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರ ಹೆಸರುಗಳನ್ನು ಪ್ರತಿ ಬಸವ ಜಯಂತಿಯಲ್ಲಿ ವೇದಿಕೆಯಿಂದ ಕೇಳುತ್ತೇವೆ. ಕೇಳುವುದಕ್ಕೂ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಆ ಹಿಡಿಕೆಯನ್ನು ಹಿಡಿಯುವುದಕ್ಕೂ ನಡುವೆ ಎಷ್ಟು ದೂರವಿದೆ ಎಂಬುದು ಟ್ವಿಜೆಲ್‌ನಲ್ಲಿ ಅಂಗೈಗೆ ತಿಳಿಯಿತು. ನಮ್ಮ ಮುಂದಿನ ವಾಹನದಿಂದ ಇಳಿದಿದ್ದ ವೃದ್ಧರೊಬ್ಬರು, ನೋಟಕ್ಕೆ ದೊಡ್ಡ ಹುದ್ದೆಯಿಂದ ನಿವೃತ್ತರಾದವರಂತೆ ಇದ್ದರು, ಸಿಳ್ಳು ಹಾಕುತ್ತ ತಮ್ಮ ಪೆಟ್ಟಿಗೆಯನ್ನು ತೊಳೆದು, ಗುಂಡಿಯ ಅಂಚನ್ನೂ ನೀರು ಹಾಕಿ ಸ್ವಚ್ಛಗೊಳಿಸಿ, ಮುಂದಿನವರಿಗೆ ಸಿದ್ಧವಾಗಿದೆ ಎಂಬಂತೆ ಕೈಬೀಸಿ ಹೊರಟುಹೋದರು. ಅವರಿಗೆ ಅದು ಹಲ್ಲುಜ್ಜುವಷ್ಟೇ ಸಹಜ. ಮುಂದಿನ ಎರಡು ವಾರಗಳಲ್ಲಿ ನಾವು ಈ ಕೆಲಸವನ್ನು ಸರದಿಯ ಮೇಲೆ ಐದು ಬಾರಿ ಮಾಡಿದೆವು. ಸಿಳ್ಳು ಹಾಕುವಷ್ಟು ಸಲೀಸು ಕಡೆಯವರೆಗೂ ಬರಲಿಲ್ಲ.

ಟೆ ಅನಾವು ಪಟ್ಟಣದಲ್ಲಿ ಡೀಸೆಲ್ ತುಂಬಿಸಿಕೊಂಡು ಮಿಲ್‌ಫೋರ್ಡ್ ಸೌಂಡಿನತ್ತ ಹೊರಟರೆ ದೂರವಾಣಿಯ ಸಂಪರ್ಕ ತಪ್ಪಿಹೋಗುತ್ತದೆ. ಆ ರಸ್ತೆಯ ಪಕ್ಕದಲ್ಲಿ ಮನಸ್ಸು ಬಂದಲ್ಲಿ ತಂಗುವಂತಿಲ್ಲ. ಎಗ್ಲಿಂಟನ್ ಕಣಿವೆಯಲ್ಲಿರುವ ಇಲಾಖೆಯ ತಾಣಗಳಲ್ಲಿಯೇ ನಿಲ್ಲಬೇಕು. ನಾವು ನಿಂತುದು ಕ್ಯಾಸ್ಕೇಡ್ ಕ್ರೀಕ್‌ನಲ್ಲಿ. ಮುಂದೆ 1954ರಲ್ಲಿ ತೆರೆದ ಹೋಮರ್ ಸುರಂಗ, ಬಂಡೆಯನ್ನು ಕೊರೆದ 1.2 ಕಿಲೋಮೀಟರಿನ ಕತ್ತಲು. ಸುರಂಗದ ಬಾಯಲ್ಲಿ ಸರದಿಗಾಗಿ ಕಾಯುವಾಗ ಕಿಯಾ ಎಂಬ ಪರ್ವತದ ಗಿಳಿಗಳು ಬಂದು ವಾಹನದ ಕಿಟಕಿಯ ರಬ್ಬರನ್ನು ಕೀಳತೊಡಗಿದವು. ಅವು ಅಳಿವಿನಂಚಿನ ಹಕ್ಕಿಗಳಾದ್ದರಿಂದ ಗದರುವುದಕ್ಕೂ ಹಿಂಜರಿಕೆ.

ಸುರಂಗದಾಚೆಯ ಸೌಂದರ್ಯದ ಬಗ್ಗೆ ಮಾವೊರಿಗಳ ಒಂದು ಕಥೆಯಿದೆ. ಅಲ್ಲಿನ ಕಡಿದಾದ ಕಣಿವೆಗಳನ್ನು ದೇವಶಿಲ್ಪಿಯೊಬ್ಬ ಕಡೆದು ಮುಗಿಸಿದಾಗ, ಮೃತ್ಯುದೇವತೆಯಾದ ಹಿನೆ-ನುಯಿ-ತೆ-ಪೊ ನೋಡಲು ಬಂದಳಂತೆ. ಇಷ್ಟು ಚೆಲುವಾದ ಜಾಗವನ್ನು ಕಂಡ ಮನುಷ್ಯರು ಇಲ್ಲಿಯೇ ನೆಲೆಯೂರಿಬಿಟ್ಟಾರೆಂದು ಅಂಜಿ, ಕಚ್ಚುವ ಸಣ್ಣ ನೊಣಗಳನ್ನು ಬಿಟ್ಟಳಂತೆ. ಸ್ಯಾಂಡ್‌ಫ್ಲೈ ಎಂಬ ಆ ನೊಣಗಳು ನಮ್ಮನ್ನು ಒಂದು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ನಿಲ್ಲಗೊಡಲಿಲ್ಲ. ನೋಡು, ಆದರೆ ಬೇರೂರಬೇಡ ಎಂದು ಹೇಳುವುದಕ್ಕೆ ಫಲಕ, ದಂಡಗಳಿಗಿಂತ ಮೊದಲೇ ಆ ನಾಡಿನಲ್ಲಿ ವ್ಯವಸ್ಥೆಯಿತ್ತೆಂದು ನಕ್ಕೆವು.

ಕ್ಯಾಸ್ಕೇಡ್ ಕ್ರೀಕ್‌ನಲ್ಲಿ ಪಕ್ಕದ ವಾಹನದ ದಂಪತಿಗಳು ನಮ್ಮ ಅಡುಗೆಯ ವಾಸನೆಗೆ ಹೊರಬಂದು ಮಾತಿಗೆ ಕುಳಿತರು. ರೊಟ್ಟಿಯನ್ನು ಮುರಿದು ಹಿಂಡಿಯೊಡನೆ ತಿಂದು ಕಣ್ಣಲ್ಲಿ ನೀರು ತಂದುಕೊಂಡರೂ ಇನ್ನೊಂದನ್ನು ಕೇಳಿ ಪಡೆದರು. ಅಲ್ಲಿನ ಮೋಟರ್‌ಹೋಮ್ ಒಡೆಯರ ಸಂಘ 1956ರಲ್ಲಿಯೇ ಹುಟ್ಟಿದ್ದು. ರೈತರು ತಮ್ಮ ಹೊಲದ ಅಂಚನ್ನು ಅಲ್ಪ ಹಣಕ್ಕೆ ಸದಸ್ಯರಿಗೆ ಇರುಳಿನ ಮಟ್ಟಿಗೆ ಬಿಟ್ಟುಕೊಡುವ ಪದ್ಧತಿಯೂ ಅವರಲ್ಲಿದೆ. ಈ ದಂಪತಿಗಳು ಬಾಲ್ಯದಿಂದ ಪ್ರತಿ ಬೇಸಿಗೆಯಲ್ಲಿಯೂ ಡೇರೆ ಹಾಕುತ್ತಿದ್ದ ಹೊಳೆಯ ದಂಡೆಗೆ ಈಗ ದೊಡ್ಡ ಬಂಡೆಗಳನ್ನಿಟ್ಟು ದಾರಿ ಮುಚ್ಚಿದ್ದಾರಂತೆ. ಬಂದು ಹೋದ ಅಪರಿಚಿತರು ಬಿಟ್ಟ ಗಲೀಜಿನ ಫಲ ಅದು. ಮುಚ್ಚಿದವರ ಮೇಲಾಗಲಿ, ಗಲೀಜು ಮಾಡಿದವರ ಮೇಲಾಗಲಿ ಆ ಮುದುಕಮ್ಮ ಸಿಟ್ಟು ಮಾಡಲಿಲ್ಲ. ತಮ್ಮ ಮೊಮ್ಮಕ್ಕಳಿಗೆ ಆ ಹೊಳೆಯಲ್ಲಿ ಈಜು ಕಲಿಸಬೇಕೆಂದಿದ್ದೆ ಎಂದಷ್ಟೇ ಹೇಳಿದರು. ನಮಗೆ ಶ್ರೀಶೈಲದ ಪಾದಯಾತ್ರೆಯ ದಾರಿ ನೆನಪಾಯಿತು. ಭಕ್ತರಿಗೆ ನೀರು, ಮಜ್ಜಿಗೆ, ಅನ್ನ ನೀಡುವವರ ಔದಾರ್ಯಕ್ಕೆ ಇಂದಿಗೂ ಕೊರತೆಯಿಲ್ಲ. ಯಾತ್ರೆ ದಾಟಿಹೋದ ಮೇಲೆ ಹೊಲಗಳಲ್ಲಿ ಉಳಿಯುವ ನೀರಿನ ಪ್ಯಾಕೆಟ್ಟುಗಳನ್ನೂ ತಟ್ಟೆಗಳನ್ನೂ ಆರಿಸುವುದು ಮಾತ್ರ ಹೊಲದವನ ಪಾಲಿನದು. ದಾಸೋಹ ಮಾಡಿದವನಿಗೆ ಈ ದಂಡವೇಕೆ?

ವನಾಕಾ ಸರೋವರವನ್ನು ದಾಟಿ ಹಾಸ್ಟ್ ಕಣಿವೆಯತ್ತ ಹೊರಟ ಸಂಜೆ ನಮ್ಮ ಪರೀಕ್ಷೆಯೂ ಆಯಿತು. ನಾವು ಗುರುತು ಮಾಡಿಕೊಂಡಿದ್ದ ತಾಣಕ್ಕೆ ತಲುಪಿದಾಗ ಅದು ತುಂಬಿಹೋಗಿತ್ತು. ಕತ್ತಲು ಇಳಿಯುತ್ತಿತ್ತು, ಮಳೆಯ ಹನಿಗಳೂ ಆರಂಭವಾಗಿದ್ದವು. ಸ್ವಲ್ಪ ಮುಂದೆ ಸರೋವರಕ್ಕೆ ಎದುರಾಗಿ ಸಮತಟ್ಟಾದ, ಮರಗಳ ಮರೆಯಿರುವ ಜಾಗವೊಂದು; ಅದರ ಮೂಲೆಯಲ್ಲಿ ಇರುಳು ತಂಗಬಾರದೆಂಬ ಪುಟ್ಟ ಫಲಕ. ಅತ್ತಿತ್ತ ಒಂದು ನರಪಿಳ್ಳೆಯೂ ಇಲ್ಲ. ಇಲ್ಲಿಯೇ ನಿಂತು ನಸುಕಿನಲ್ಲಿ ಹೊರಟುಬಿಟ್ಟರೆ ಯಾರಿಗೆ ತಿಳಿದೀತು, ನಮ್ಮಲ್ಲಿ ಹಸಿರು ಚೀಟಿಯಂತೂ ಇದೆ, ಒಂದು ತೊಟ್ಟು ನೀರೂ ನೆಲಕ್ಕೆ ಬೀಳುವುದಿಲ್ಲ ಎಂದು ನಮ್ಮಲ್ಲೊಬ್ಬರು. ಆ ಹೊಳೆಯ ದಂಡೆಗೆ ಬಂಡೆ ಇಡಿಸಿದವರೂ ಇದೇ ಮಾತು ಹೇಳಿಕೊಂಡು ನಿಂತಿರಬೇಕು ಎಂದು ಇನ್ನೊಬ್ಬರು. ಯಾರು ಯಾವುದನ್ನು ಹೇಳಿದರೆಂಬುದನ್ನು ಇಲ್ಲಿ ಬರೆಯುವುದಿಲ್ಲವೆಂದು ಒಪ್ಪಂದವಾಗಿದೆ. ಹತ್ತು ನಿಮಿಷ ಬಿಸಿಬಿಸಿ ಚರ್ಚೆ ನಡೆದು, ಮೌನವಾಗಿ ವಾಹನ ಹೊರಡಿಸಿದೆವು. ಮಳೆಯಲ್ಲಿ, ತಿರುವುಗಳಲ್ಲಿ, ಮಕರೋರಾ ಎಂಬ ಹಳ್ಳಿಯನ್ನೂ ದಾಟಿ ಕ್ಯಾಮರಾನ್ ಫ್ಲಾಟ್ ಎಂಬ ತಾಣದಲ್ಲಿ ಎಡೆ ಸಿಕ್ಕಾಗ ಹತ್ತು ಗಂಟೆ. ಛತ್ರಿಯ ಕೆಳಗೆ ಒಬ್ಬರು ಟಾರ್ಚು ಹಿಡಿದು, ಇನ್ನೊಬ್ಬರು ಲಕೋಟೆಯ ಮೇಲೆ ಹೆಸರು ಬರೆದು, ನೋಟುಗಳನ್ನು ತುಂಬಿ ಪೆಟ್ಟಿಗೆಗೆ ಹಾಕಿದೆವು. ಅಡುಗೆ ಮಾಡುವ ತ್ರಾಣವಿರಲಿಲ್ಲ. ಒಣ ರೊಟ್ಟಿ, ಮೊಸರು, ಇಬ್ಬರ ನಡುವೆ ಇನ್ನೂ ಸ್ವಲ್ಪ ಮುನಿಸು. ಬೆಳಿಗ್ಗೆ ಬಾಗಿಲು ತೆರೆದಾಗ ಸುತ್ತಲಿನ ಬೆಟ್ಟಗಳಿಂದ ಇರುಳಿನ ಮಳೆ ನೂರಾರು ಬಿಳಿಯ ಎಳೆಗಳಾಗಿ ಇಳಿಯುತ್ತಿತ್ತು. ಮುನಿಸು ಎಷ್ಟು ಹೊತ್ತಿಗೆ ಹೋಯಿತೋ ತಿಳಿಯಲಿಲ್ಲ.

ಪಶ್ಚಿಮ ಕರಾವಳಿಯ ನಾಲ್ಕು ದಿನಗಳು ಹೆಚ್ಚಾಗಿ ಮಳೆಯಲ್ಲಿ ಕಳೆದವು. ಆರ್ಥರ್ಸ್ ಪಾಸ್ ಮಾರ್ಗವಾಗಿ ಪರ್ವತಶ್ರೇಣಿಯನ್ನು ದಾಟಿ ಕ್ರೈಸ್ಟ್‌ಚರ್ಚಿಗೆ ಹಿಂದಿರುಗಿದೆವು. ಬಾಡಿಗೆಯ ವಾಹನವನ್ನು ಒಪ್ಪಿಸುವ ಮೊದಲು ತೊಟ್ಟಿಗಳೆಲ್ಲ ಖಾಲಿಯಾಗಿರಬೇಕು. ಕೊನೆಯ ದಿನ ಪೂಜೆ ಮುಗಿಸಿ ಡಂಪ್ ಸ್ಟೇಷನ್ನಿಗೆ ಬಂದಾಗ, ನಮ್ಮ ಮುಂದೆ ಇಪ್ಪತ್ತರ ಪ್ರಾಯದ ತರುಣಿಯೊಬ್ಬಳು ಕ್ಯಾಸೆಟ್ಟನ್ನು ನೆಲದ ಮೇಲಿಟ್ಟುಕೊಂಡು, ಒಂದು ಕೈಯಿಂದ ಮೂಗು ಮುಚ್ಚಿ, ದಿಕ್ಕು ತೋಚದೆ ನಿಂತಿದ್ದಳು. ಯುರೋಪಿನಿಂದ ಒಬ್ಬಳೇ ಬಂದವಳು. ಅದೇ ಅವಳ ಮೊದಲ ಬಾರಿ. ನಾವು ಕೆಳಗಿಳಿದು, ಮುಚ್ಚಳವನ್ನು ಯಾವ ಕಡೆ ತಿರುಗಿಸಬೇಕು, ಗಾಳಿಯ ಗುಂಡಿಯನ್ನು ಒತ್ತಿ ಹಿಡಿದರೆ ಸಿಡಿಯದಂತೆ ಹೇಗೆ ಸುರಿಯುತ್ತದೆ, ಎಷ್ಟು ಸಲ ಕುಲುಕಬೇಕು ಎಂಬುದನ್ನು ತೋರಿಸಿಕೊಟ್ಟೆವು. ಕೈತೊಳೆಯುತ್ತ ಆಕೆ ನಮ್ಮ ಹಣೆಗಳನ್ನು ನೋಡಿ, ಅದು ಒಳ್ಳೆಯ ಸನ್‌ಸ್ಕ್ರೀನ್ ಇರಬೇಕು, ಯಾವ ಅಂಗಡಿಯಲ್ಲಿ ಕೊಂಡಿರಿ ಎಂದು ಕೇಳಿದಳು. ಅಲ್ಲಿನ ಬಿಸಿಲು ಬಲು ತೀಕ್ಷ್ಣವಾದ್ದರಿಂದ ಜನ ಮುಖಕ್ಕೆ ಬಿಳಿಯ ಲೇಪ ಬಳಿದುಕೊಳ್ಳುವುದು ಸಾಮಾನ್ಯ. ಇದು ಭಸ್ಮ, ವಿಭೂತಿ ಎನ್ನುತ್ತೇವೆ ಎಂದು ವಿವರಿಸತೊಡಗುವಷ್ಟರಲ್ಲಿ ಹಿಂದಿನ ವಾಹನದವರು ತಮ್ಮ ಸರದಿಗಾಗಿ ಮೆಲ್ಲಗೆ ಕೈ ಎತ್ತಿದರು; ನಾವು ಪಕ್ಕಕ್ಕೆ ಸರಿದು, ಗುಂಡಿಯ ಅಂಚಿಗೆ ನೀರು ಹಾಕಿ ದಾರಿ ಬಿಟ್ಟೆವು.